ಹೆಡ್‌ಫೋನ್‌ಗೆ ಸೌಂಡ್ ಕಾರ್ಡ್ ಸೆಟ್ಟಿಂಗ್: ಗೇಮ್‌ಗೂ ಹಾಡಿಗೂ ಒಂದೇ ಸಾಕಾ?

ರಾತ್ರಿಪಾಳಿ

ಎಲ್ಲರಿಗೂ ನಮಸ್ಕಾರ. ಇಷ್ಟು ದಿನ ಮದರ್‌ಬೋರ್ಡ್‌ನ ಆಡಿಯೋದಲ್ಲೇ ಕಾಲ ಹಾಕುತ್ತಿದ್ದೆ. ಈಗ ಕಂಪ್ಯೂಟರ್ ಒಳಗೆ ಕೂರಿಸುವ ಸೌಂಡ್ ಕಾರ್ಡ್ ಹಾಕಿದ್ದೇನೆ. ಹೆಡ್‌ಫೋನ್ 250 ಓಮ್‌ನದು, ಓಪನ್ ಬ್ಯಾಕ್ (ಹಿಂಬದಿ ತೆರೆದಿರುವಂಥದ್ದು). ವಿಂಡೋಸ್ 11. ಬಳಕೆ ಎರಡೇ: ಶೂಟಿಂಗ್ ಗೇಮ್, ಉಳಿದ ಹೊತ್ತೆಲ್ಲ ಹಾಡು.

ತೊಂದರೆ ಏನೆಂದರೆ ಸೆಟ್ಟಿಂಗ್ ಮೂರು ಕಡೆ ಇದೆ. ಕಾರ್ಡ್ ಜೊತೆ ಬಂದ ಸಾಫ್ಟ್‌ವೇರ್‌ನಲ್ಲಿ ಸರೌಂಡ್, ಬಾಸ್, ಇನ್ನೂ ಏನೇನೋ ಸ್ಲೈಡರ್‌ಗಳು. ವಿಂಡೋಸ್‌ನಲ್ಲಿ ಸ್ಪೇಷಿಯಲ್ ಸೌಂಡ್. ಗೇಮ್ ಒಳಗೆ ಹೋದರೆ ಸ್ಟೀರಿಯೋ, 7.1 (ಎಂಟು ಚಾನೆಲ್ ಸರೌಂಡ್), ಎಚ್‌ಆರ್‌ಟಿಎಫ್. ಎಲ್ಲವನ್ನೂ ಆನ್ ಮಾಡಿದರೆ ಎದುರಿಗಿರುವವನ ಹೆಜ್ಜೆ ಬೆನ್ನ ಹಿಂದೆ ಕೇಳಿಸುತ್ತದೆ. ಹಾಡಂತೂ ಟೊಳ್ಳು, ದನಿ ಎಲ್ಲೋ ದೂರ. ಎಲ್ಲ ಆಫ್ ಮಾಡಿದರೆ ಹಾಡು ಪರವಾಗಿಲ್ಲ, ಆದರೆ ಸದ್ದು ಸಣ್ಣದು. ವಾಲ್ಯೂಮ್ ಕೊನೆಯವರೆಗೆ ಏರಿಸಬೇಕು.

ಯಾವುದನ್ನು ಎಲ್ಲಿ ಆನ್ ಮಾಡಬೇಕು? 24 ಬಿಟ್, 192 ಕಿಲೋಹರ್ಟ್ಸ್ ಅಂತ ಒಂದು ಆಯ್ಕೆ ಕಾಣುತ್ತಿದೆ. ಅದನ್ನೇ ಇಟ್ಟುಬಿಡಲೇ?

ಕಿವಿಮಾತು

ಮೊದಲು ಎಲ್ಲ ಆಫ್ ಮಾಡಿ. ಕಾರ್ಡ್ ಸಾಫ್ಟ್‌ವೇರ್‌ನಲ್ಲೂ, ವಿಂಡೋಸ್‌ನಲ್ಲೂ, ಗೇಮ್‌ನಲ್ಲೂ. ಆಮೇಲೆ ಒಂದೊಂದೇ ಸೇರಿಸೋಣ.

ಹೆಜ್ಜೆ ಹಿಂದೆ ಮುಂದೆ ಆಗುವುದಕ್ಕೆ ಕಾರಣ ಇದೆ. ಹೆಡ್‌ಫೋನ್‌ನಲ್ಲಿ ಇರುವುದು ಎರಡು ಸ್ಪೀಕರ್, ನಮಗಿರುವುದೂ ಎರಡೇ ಕಿವಿ. ಎಡಗಡೆಯ ಸದ್ದು ಎಡಗಿವಿಗೆ ಮೊದಲು ಮುಟ್ಟುತ್ತದೆ, ಬಲಗಿವಿಗೆ ಚೂರು ತಡವಾಗಿ. ಸದ್ದು ಪೂರ್ತಿ ಪಕ್ಕದಿಂದ ಬಂದಾಗಲೂ ಈ ತಡ ಸುಮಾರು 0.6ರಿಂದ 0.7 ಮಿಲಿಸೆಕೆಂಡ್ ಅಷ್ಟೇ. ಜೊತೆಗೆ ತಲೆ ಅಡ್ಡ ಇರುವುದರಿಂದ ಆಚೆ ಕಿವಿಗೆ ಹೈ ಫ್ರೀಕ್ವೆನ್ಸಿ ಕಡಿಮೆ ತಲುಪುತ್ತದೆ. ಎಡವೋ ಬಲವೋ ಅಂತ ತಿಳಿಯುವುದಕ್ಕೆ ಇಷ್ಟು ಸಾಕು. ಆದರೆ ಮುಂದೋ ಹಿಂದೋ, ಮೇಲೋ ಕೆಳಗೋ ಅನ್ನುವುದು ತಿಳಿಯುವುದು ಮುಖ್ಯವಾಗಿ ಹೊರಕಿವಿಯ ಮಡಿಕೆಗಳಿಂದ. ಸದ್ದು ಬಂದ ದಿಕ್ಕಿಗೆ ತಕ್ಕಂತೆ ಅವು ಕೆಲವು ಫ್ರೀಕ್ವೆನ್ಸಿಗಳನ್ನು ಏರಿಸುತ್ತವೆ, ಕೆಲವನ್ನು ಇಳಿಸುತ್ತವೆ. ಇದನ್ನೆಲ್ಲ ಅಳೆದು ಫಿಲ್ಟರ್ ಮಾಡಿದರೆ ಅದೇ ಎಚ್‌ಆರ್‌ಟಿಎಫ್.

ನಿಮ್ಮಲ್ಲಿ ಆ ಫಿಲ್ಟರನ್ನು ಗೇಮ್ ಒಮ್ಮೆ ಹಾಕಿದೆ. ಅದರ ಮೇಲೆ ವಿಂಡೋಸ್ ತನ್ನದನ್ನು ಹಾಕಿದೆ. ಕೊನೆಗೆ ಕಾರ್ಡ್ ಕೂಡ ತನ್ನ ಸರೌಂಡ್ ಸೇರಿಸಿದೆ. ಕನ್ನಡಕದ ಮೇಲೆ ಕನ್ನಡಕ ಹಾಕಿಕೊಂಡ ಹಾಗಾಯಿತು. ದಿಕ್ಕಿನ ಕೆಲಸ ಯಾವುದಾದರೂ ಒಂದು ಕಡೆ ಮಾತ್ರ ನಡೆಯಬೇಕು.

ಗೇಮ್‌ಗೇ ಸ್ವಂತ ಎಚ್‌ಆರ್‌ಟಿಎಫ್ ಇದ್ದರೆ ಅದನ್ನೇ ಆರಿಸಿ. ವ್ಯಾಲರಂಟ್‌ನಲ್ಲಿ ಅದಕ್ಕೆ ಆಯ್ಕೆ ಇದೆ, ಓವರ್‌ವಾಚ್‌ನಲ್ಲಿ ಹೆಡ್‌ಫೋನ್‌ಗೆ ಡಾಲ್ಬಿ ಅಟ್ಮಾಸ್ ಒಳಗೇ ಇದೆ. ಗೇಮ್‌ಗೆ ಪ್ರತಿ ಸದ್ದಿನ ಜಾಗ ನಿಖರವಾಗಿ ಗೊತ್ತಿರುತ್ತದೆ. ವಿಂಡೋಸ್‌ಗೋ ಕಾರ್ಡ್‌ಗೋ ಸಾಮಾನ್ಯವಾಗಿ ತಲುಪುವುದು ಆಗಲೇ ಎಂಟು ಚಾನೆಲ್‌ಗೆ ಹಂಚಿದ ಸದ್ದು. ಹಾಗಾಗಿ ಗೇಮ್ ಮಾಡಿದ ಲೆಕ್ಕಕ್ಕೆ ಬೆಲೆ ಜಾಸ್ತಿ. ಆಗ ವಿಂಡೋಸ್ ಸ್ಪೇಷಿಯಲ್ ಸೌಂಡ್ ಆಫ್, ಕಾರ್ಡ್ ಸರೌಂಡ್ ಆಫ್, ಔಟ್‌ಪುಟ್ ಸ್ಟೀರಿಯೋ.

ಗೇಮ್‌ಗೆ ಅದು ಇಲ್ಲ, ಬರೀ 5.1 ಅಥವಾ 7.1 ಕೊಡುತ್ತದೆ ಅಂದರೆ ವಿಂಡೋಸ್ ಅಥವಾ ಕಾರ್ಡ್, ಎರಡರಲ್ಲಿ ಒಂದನ್ನು ಆನ್ ಮಾಡಿ.

ಹಾಡಿಗೆ ಇದ್ಯಾವುದೂ ಬೇಡ.

ತಂತಿಗಾರ

ಸದ್ದು ಸಣ್ಣದು ಅಂದಿರಲ್ಲ, ಅದಕ್ಕೂ ಸರೌಂಡ್‌ಗೂ ಸಂಬಂಧ ಇಲ್ಲ. ಕಾರ್ಡ್ ಸಾಫ್ಟ್‌ವೇರ್‌ನಲ್ಲಿ ಹೆಡ್‌ಫೋನ್‌ಗೆ ಎಷ್ಟು ಬಲ ಕೊಡಬೇಕು ಅಂತ ಆರಿಸುವ ಹೆಡ್‌ಫೋನ್ ಗೇನ್ ಒಂದು ಕಡೆ ಇರುತ್ತದೆ. ಕೆಲವು ಕಾರ್ಡ್‌ಗಳಲ್ಲಿ ನಾರ್ಮಲ್ ಮತ್ತು ಹೈ ಅಂತ ಇರುತ್ತದೆ, ಕೆಲವದರಲ್ಲಿ ಓಮ್ ಲೆಕ್ಕದಲ್ಲಿ ಬರೆದಿರುತ್ತಾರೆ. ಮೊದಲಿಗೆ ಸಾಮಾನ್ಯವಾಗಿ ಕಡಿಮೆಯಲ್ಲೇ ಇರುತ್ತದೆ, ಸುಲಭವಾಗಿ ಓಡುವ ಹೆಡ್‌ಫೋನ್ ಹಾಕಿದವರ ಕಿವಿ ಒಡೆಯಬಾರದಲ್ಲ. ನಿಮ್ಮದು 250 ಓಮ್, ಹೈ ಇಡಿ. ಇಡುವ ಮುಂಚೆ ವಾಲ್ಯೂಮ್ ಇಳಿಸಿ, ಹೆಡ್‌ಫೋನ್ ಕಿವಿಯಿಂದ ತೆಗೆದಿಡಿ.

ಸುಮ್ನೆ ಲೆಕ್ಕ ನೋಡಿ. ಒಂದು ಮಿಲಿವ್ಯಾಟ್‌ಗೆ 96 ಡೆಸಿಬೆಲ್ ಕೊಡುವ 250 ಓಮ್ ಹೆಡ್‌ಫೋನ್ ಇದೆ ಅಂದುಕೊಳ್ಳಿ. ಆ ಒಂದು ಮಿಲಿವ್ಯಾಟ್‌ಗೆ ಬೇಕಾದದ್ದು ಅರ್ಧ ವೋಲ್ಟ್. 32 ಓಮ್‌ನದಕ್ಕೆ ಅಷ್ಟೇ ಪವರ್ ಕೊಡಲು 0.18 ವೋಲ್ಟ್ ಸಾಕು. ಹಾಡಿನಲ್ಲಿ ಡ್ರಮ್ ಬಡಿದಾಗ ಸದ್ದು ಒಮ್ಮೆಲೇ ಮೇಲೇರುತ್ತದೆ. 14 ಡೆಸಿಬೆಲ್ ಏರಬೇಕಾದರೆ ವೋಲ್ಟೇಜ್ ಐದು ಪಟ್ಟು ಬೇಕು, ಅಂದರೆ 2.5 ವೋಲ್ಟ್. ಬಹಳಷ್ಟು ಲ್ಯಾಪ್‌ಟಾಪ್ ಜಾಕ್‌ಗಳು ಅಷ್ಟು ಕೊಡುವುದಿಲ್ಲ. ಅದಕ್ಕೇ ಸದ್ದು ಸೊರಗುತ್ತದೆ.

ಇನ್ನೊಂದು. ಹೆಡ್‌ಫೋನ್ ಎಲ್ಲಿ ಚುಚ್ಚಿದ್ದೀರಿ? ಕ್ಯಾಬಿನೆಟ್ ಮುಂದಿನ ಜಾಕ್‌ನ ತಂತಿ ಸಾಮಾನ್ಯವಾಗಿ ಮದರ್‌ಬೋರ್ಡ್‌ಗೆ ಹೋಗಿರುತ್ತದೆ. ಕಾರ್ಡ್‌ಗೆ ಹೋಗಿರುವುದಿಲ್ಲ. ಕಾರ್ಡ್‌ನ ಹಿಂದಿನ ಹೆಡ್‌ಫೋನ್ ಜಾಕ್‌ಗೇ ನೇರ ಚುಚ್ಚಿ.

ರಾತ್ರಿಪಾಳಿ

ತಂತಿಗಾರ ಸರ್, ಹಿಂದಿನ ಜಾಕ್‌ಗೇ ಹಾಕಿದ್ದೇನೆ. ಗೇನ್ ಆಯ್ಕೆ ಸಿಕ್ಕಿತು, ಕಡಿಮೆಯಲ್ಲೇ ಇತ್ತು. ಹೈ ಮಾಡಿದ ಮೇಲೆ ವಾಲ್ಯೂಮ್ ಅರ್ಧಕ್ಕೇ ಸಾಕಾಗುತ್ತಿದೆ. ಆ ಭಾಗ ಮುಗಿಯಿತು.

192 ಕಿಲೋಹರ್ಟ್ಸ್ ಬಗ್ಗೆ ಯಾರೂ ಹೇಳಲಿಲ್ಲ.

ಮೂರನೇಬೆಂಚು

ದೊಡ್ಡ ನಂಬರ್ ಇದ್ದರೆ ಇಟ್ಟುಬಿಡಬೇಕು ಗುರು. ಕಾರ್ಡ್‌ಗೆ ದುಡ್ಡು ಕೊಟ್ಟಿಲ್ವಾ?

ಕಿವಿಮಾತು

ಬೇಡ. ಮನುಷ್ಯರ ಕಿವಿಗೆ ಕೇಳಿಸುವುದು ಹೆಚ್ಚೆಂದರೆ 20 ಕಿಲೋಹರ್ಟ್ಸ್‌ವರೆಗೆ, ವಯಸ್ಸಾದಂತೆ ಅದೂ ಇಳಿಯುತ್ತದೆ. ಒಂದು ಫ್ರೀಕ್ವೆನ್ಸಿಯನ್ನು ಸರಿಯಾಗಿ ಹಿಡಿಯಲು ಅದರ ಎರಡರಷ್ಟಕ್ಕಿಂತ ಹೆಚ್ಚು ಸ್ಯಾಂಪಲ್ ರೇಟ್ (ಸೆಕೆಂಡಿಗೆ ಎಷ್ಟು ಸಲ ಸದ್ದನ್ನು ಅಳೆದಿದೆ ಅನ್ನುವ ಲೆಕ್ಕ) ಇದ್ದರೆ ಸಾಕು. ಸಿ.ಡಿ.ಯ 44.1 ಕಿಲೋಹರ್ಟ್ಸ್ ಬಂದದ್ದು ಆ ಲೆಕ್ಕದ ಮೇಲೆ. ಗೇಮ್, ವಿಡಿಯೋಗಳಲ್ಲಿ ಹೆಚ್ಚಾಗಿ ಬಳಸುವುದು 48.

ವಿಂಡೋಸ್ ಎಲ್ಲ ಆ್ಯಪ್‌ಗಳ ಸದ್ದನ್ನೂ ತನ್ನ ಮಿಕ್ಸರ್‌ಗೆ ತಂದು, ನೀವು ಆರಿಸಿದ ರೇಟ್‌ಗೆ ಬದಲಿಸಿ, ಕಾರ್ಡ್‌ಗೆ ಕಳಿಸುತ್ತದೆ. 192 ಇಟ್ಟರೆ 48ರ ಗೇಮ್ ಸದ್ದನ್ನು ಹಿಗ್ಗಿಸಿ ಕಳಿಸುತ್ತದೆ ಅಷ್ಟೇ. ಇಲ್ಲದ ವಿವರ ಎಲ್ಲಿಂದಲೂ ಬರುವುದಿಲ್ಲ. ಮೇಲಾಗಿ ಕೆಲವು ಹಳೆಯ ಗೇಮ್‌ಗಳು 192ರಲ್ಲಿ ಎಡವುತ್ತವೆ. ಕೆಲವು ಕಾರ್ಡ್‌ಗಳಲ್ಲಿ ಅಷ್ಟು ರೇಟ್ ಇಟ್ಟರೆ ಸರೌಂಡ್ ಎಫೆಕ್ಟ್‌ಗಳೇ ಕೆಲಸ ಮಾಡುವುದಿಲ್ಲ.

24 ಬಿಟ್, 48 ಕಿಲೋಹರ್ಟ್ಸ್ ಇಡಿ, ಮರೆತುಬಿಡಿ. ಸೆಟ್ಟಿಂಗ್ಸ್, ಸಿಸ್ಟಮ್, ಸೌಂಡ್, ಅಲ್ಲಿ ನಿಮ್ಮ ಔಟ್‌ಪುಟ್ ಮೇಲೆ ಒತ್ತಿದರೆ ಫಾರ್ಮ್ಯಾಟ್ ಕಾಣುತ್ತದೆ.

24 ಬಿಟ್ ಯಾಕೆ ಅಂದರೆ ವಾಲ್ಯೂಮ್ ಕಾರಣಕ್ಕೆ. ವಿಂಡೋಸ್ ವಾಲ್ಯೂಮ್ ಇಳಿಸಿದಾಗ ಸುಮಾರು 6 ಡೆಸಿಬೆಲ್‌ಗೆ ಒಂದು ಬಿಟ್ ಲೆಕ್ಕದಲ್ಲಿ ವಿವರ ಹೋಗುತ್ತದೆ. 24 ಬಿಟ್‌ನಲ್ಲಿ 48 ಡೆಸಿಬೆಲ್ ಇಳಿಸಿದರೂ ಇನ್ನೂ 16 ಬಿಟ್ ಉಳಿದಿರುತ್ತದೆ. ವಿಂಡೋಸ್ ವಾಲ್ಯೂಮ್ 100ರಲ್ಲೇ ಇರಬೇಕು ಅನ್ನುವ ಹಳೆಯ ಮಾತಿಗೆ ಇಲ್ಲಿ ಹೆಚ್ಚು ಅರ್ಥ ಇಲ್ಲ.

ಮೂರನೇಬೆಂಚು

192ರಲ್ಲಿ ನನಗೆ ಹಾಡು ಹೆಚ್ಚು ತೆರೆದುಕೊಂಡ ಹಾಗೆ ಕೇಳಿಸುತ್ತದೆ. ಕಿವಿ ನನ್ನದು, ನಿಮ್ಮದಲ್ಲವಲ್ಲ.

ಕಿವಿಮಾತು

ಒಪ್ಪಿದೆ, ಕಿವಿ ನಿಮ್ಮದೇ. ಹಾಗಾದರೆ ಆ ಕಿವಿಗೇ ಪರೀಕ್ಷೆ ಕೊಡಿ. ಹಾಡು ನುಡಿಸುವ ಫೂಬಾರ್ 2000 ಪ್ರೋಗ್ರಾಂಗೆ ಎಬಿಎಕ್ಸ್ ಅನ್ನುವ ಒಂದು ಕಾಂಪೊನೆಂಟ್ ಸಿಗುತ್ತದೆ. ಒಂದೇ ಹಾಡಿನ ಹೈ ರೆಸಲ್ಯೂಷನ್ ಫೈಲ್ ತೆಗೆದುಕೊಳ್ಳಿ. ಅದನ್ನು ನೀವೇ 44.1ಕ್ಕೆ ಇಳಿಸಿ ಇನ್ನೊಂದು ಪ್ರತಿ ಮಾಡಿ. ಎಬಿಎಕ್ಸ್ ಎರಡನ್ನೂ ಹೆಸರು ಮುಚ್ಚಿಟ್ಟು ಕೇಳಿಸುತ್ತದೆ, ಯಾವುದು ಯಾವುದು ಅಂತ ನೀವು ಹೇಳಬೇಕು. ಎರಡರ ವಾಲ್ಯೂಮ್ ಒಂದೇ ಇರಲಿ. ಚೂರು ಜೋರಾಗಿದ್ದದ್ದು ಯಾವಾಗಲೂ ಚೆನ್ನಾಗಿದೆ ಅಂತ ಅನಿಸುತ್ತದೆ.

ಮೂರನೇಬೆಂಚು

ಆಯ್ತು, ಭಾನುವಾರ ಕೂರುತ್ತೇನೆ. ಫಲಿತಾಂಶ ಹೇಳಲೇಬೇಕು ಅಂತ ಇಲ್ಲ ತಾನೇ 😄

ಹೆಜ್ಜೆಸದ್ದು

ಕಿವಿಮಾತು ಹೇಳಿದ್ದು ಬಹುಪಾಲು ಸರಿ. ಒಂದು ವಿಷಯ ಮಾತ್ರ ಬಿಟ್ಟುಹೋಗಿದೆ. ನಾನು ರ‍್ಯಾಂಕ್‌ಗಾಗಿ ಆಡುವವನು. ನನಗೆ ಲೌಡ್‌ನೆಸ್ ಈಕ್ವಲೈಸೇಷನ್ ಬೇಕೇ ಬೇಕು. ಔಟ್‌ಪುಟ್‌ನ ಎನ್‌ಹಾನ್ಸ್‌ಮೆಂಟ್ಸ್ ಒಳಗೆ ಇರುತ್ತದೆ, ಎಲ್ಲ ಡ್ರೈವರ್‌ಗಳಲ್ಲೂ ಇರುವುದಿಲ್ಲ. ಗ್ರೆನೇಡ್ ಸದ್ದು ಇಳಿಯುತ್ತದೆ, ಹೆಜ್ಜೆ ಸದ್ದು ಏರುತ್ತದೆ. ಗೋಡೆ ಆಚೆ ನಡೆಯುವವನು ಸ್ಪಷ್ಟವಾಗಿ ಕೇಳಿಸುತ್ತಾನೆ. ಎಲ್ಲ ಆಫ್ ಮಾಡಿ ಅನ್ನುವವರು ಇದನ್ನೂ ಆಫ್ ಮಾಡಿಸಿಬಿಡುತ್ತಾರೆ.

ಕಿವಿಮಾತು

ಕೇಳಿಸುತ್ತಾನೆ, ನಿಜ. ಎಷ್ಟು ದೂರದಲ್ಲಿದ್ದಾನೆ ಅಂತ ಗೊತ್ತಾಗುತ್ತದಾ? ಸಣ್ಣ ಸದ್ದನ್ನು ಏರಿಸಿ ದೊಡ್ಡ ಸದ್ದನ್ನು ಇಳಿಸಿದರೆ ಹತ್ತಿರದವನೂ ದೂರದವನೂ ಒಂದೇ ಅಳತೆಗೆ ಬರುತ್ತಾರೆ. ದೂರ ಅಳೆಯಲು ಕಿವಿಗೆ ಇರುವ ಮುಖ್ಯ ಸುಳಿವೇ ಸದ್ದಿನ ಮಟ್ಟ.

ಹೆಜ್ಜೆಸದ್ದು

ದೂರದ ಲೆಕ್ಕ ಸ್ವಲ್ಪ ಕೆಡುತ್ತದೆ, ಇಲ್ಲ ಅನ್ನುವುದಿಲ್ಲ. ಆದರೆ ಬಂದದ್ದೇ ಗೊತ್ತಾಗದೆ ಸಾಯುವುದಕ್ಕಿಂತ ಎಷ್ಟು ದೂರ ಅಂತ ಊಹಿಸುವುದು ವಾಸಿ. ಇನ್ನೊಂದು ಲಾಭ ಇದೆ: ಹೆಜ್ಜೆ ಕೇಳಲು ವಾಲ್ಯೂಮ್ ಏರಿಸಿ ಕೂರಬೇಕಿಲ್ಲ, ಆಮೇಲೆ ಗುಂಡಿನ ಸದ್ದಿಗೆ ಕಿವಿ ಗುಂಯ್ ಅನ್ನುವುದೂ ಇಲ್ಲ. ಅದರಲ್ಲಿ ರಿಲೀಸ್ ಟೈಮ್ ಅಂತ ಒಂದು ಸ್ಲೈಡರ್ ಇದೆ, ಅದನ್ನು ಚಿಕ್ಕದಾಗಿಡಿ. ಆಗ ಸ್ಫೋಟದ ಮರುಕ್ಷಣವೇ ಸಣ್ಣ ಸದ್ದು ವಾಪಸ್ ಏರುತ್ತದೆ.

ಹಾಡಿಗೆ ಇದನ್ನು ಆಫ್ ಮಾಡಲೇಬೇಕು. ಅದರಲ್ಲಿ ನಮ್ಮಿಬ್ಬರಿಗೂ ಜಗಳ ಇಲ್ಲ. ಆಲಾಪನೆಯ ಪಿಸುದನಿಯೂ ತಾರಸ್ಥಾಯಿಯ ದನಿಯೂ ಒಂದೇ ಮಟ್ಟಕ್ಕೆ ಬಂದರೆ ಕೇಳುವುದೇನು?

ತಂತಿಗಾರ

ಕಿವಿ ಗುಂಯ್ ಅನ್ನುವ ಮಾತು ಬಂತಲ್ಲ, ಅದನ್ನು ಹಗುರ ಮಾಡಬೇಡಿ. ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ಹೇಳುವ ಮಿತಿ ವಾರಕ್ಕೆ 40 ಗಂಟೆ, 80 ಡೆಸಿಬೆಲ್. 3 ಡೆಸಿಬೆಲ್ ಏರಿದರೆ ಆ ಹೊತ್ತು ಅರ್ಧಕ್ಕೆ ಇಳಿಯುತ್ತದೆ. 89ಕ್ಕೆ ಹೋದರೆ ವಾರಕ್ಕೆ 5 ಗಂಟೆ. ಗೇನ್ ಹೈ ಮಾಡಿಕೊಂಡವರು ಇದನ್ನು ನೆನಪಿಡಿ.

ಹಳೇಡ್ರೈವರ್

ಈ ಎರಡೆರಡು ಫಿಲ್ಟರ್ ಗೋಜು ಮೊದಲು ಇರಲಿಲ್ಲ. 1990ರ ದಶಕದ ಕೊನೆಯಲ್ಲಿ ಈ ಲೆಕ್ಕವನ್ನೆಲ್ಲ ಸೌಂಡ್ ಕಾರ್ಡೇ ಮಾಡುತ್ತಿತ್ತು. ಆರಿಯಲ್ ಕಂಪನಿಯ ಎ3ಡಿ ಗೋಡೆಗೆ ಬಡಿದು ವಾಪಸ್ ಬರುವ ಸದ್ದನ್ನೂ ಲೆಕ್ಕ ಹಾಕುತ್ತಿತ್ತು. ಕ್ರಿಯೇಟಿವ್‌ನವರದು ಇಎಎಕ್ಸ್. ಇಬ್ಬರೂ ಕೋರ್ಟಿಗೆ ಹೋದರು. ಆರಿಯಲ್ ಗೆದ್ದಿತು, ಆದರೆ ಖರ್ಚಿನಲ್ಲೇ ಸೋತು 2000ದಲ್ಲಿ ದಿವಾಳಿಯಾಯಿತು. ಅದರ ಆಸ್ತಿಯನ್ನು ಕೊಂಡದ್ದು ಕ್ರಿಯೇಟಿವ್.

ಆಮೇಲೆ 2007ರಲ್ಲಿ ವಿಂಡೋಸ್ ವಿಸ್ತಾ ಬಂತು. ಅದರಲ್ಲಿ ಆಡಿಯೋ ವ್ಯವಸ್ಥೆಯನ್ನು ಹೊಸದಾಗಿ ಕಟ್ಟಿದರು. ವಿಂಡೋಸ್‌ನ ಡೈರೆಕ್ಟ್‌ಸೌಂಡ್ ವ್ಯವಸ್ಥೆ ಬಳಸುವ ಗೇಮ್‌ಗಳು ಕಾರ್ಡ್‌ನ ಹಾರ್ಡ್‌ವೇರನ್ನು ನೇರ ಮುಟ್ಟುವ ದಾರಿಯೇ ಮುಚ್ಚಿತು. ಅಲ್ಲಿಂದ ಎಲ್ಲ ಲೆಕ್ಕ ಪ್ರೊಸೆಸರ್‌ನಲ್ಲಿ, ಗೇಮ್ ಒಳಗೇ. ಕಾರ್ಡ್‌ಗೆ ಉಳಿದ ಕೆಲಸ ಎಂದರೆ ಒಳ್ಳೆಯ ಡಿಎಸಿ (ಡಿಜಿಟಲ್ ಡೇಟಾವನ್ನು ಅನಲಾಗ್ ಸಿಗ್ನಲ್ ಮಾಡುವ ಭಾಗ), ಒಳ್ಳೆಯ ಆ್ಯಂಪ್, ಮತ್ತು ಎಲ್ಲ ಮುಗಿದ ಮೇಲೆ ಸೇರಿಸುವ ಎಫೆಕ್ಟ್‌ಗಳು. ಹಳೆಯ ಇಎಎಕ್ಸ್ ಗೇಮ್ ಈಗ ಆಡಬೇಕೆಂದರೆ ಕ್ರಿಯೇಟಿವ್‌ನ ಆಲ್ಕೆಮಿ ಅಂತ ಒಂದು ಪ್ರೋಗ್ರಾಂ ಇದೆ. ಅದು ಗೇಮ್‌ನ ಡೈರೆಕ್ಟ್‌ಸೌಂಡ್ ಕರೆಗಳನ್ನು ಓಪನ್‌ಎಎಲ್ ಅನ್ನುವ ಇನ್ನೊಂದು ಆಡಿಯೋ ವ್ಯವಸ್ಥೆಗೆ ತಿರುಗಿಸುತ್ತದೆ.

ನನಗಂತೂ ಆ ಕಾಲದ ಗೇಮ್‌ಗಳ ಗುಹೆ ಸದ್ದಿನ ಮುಂದೆ ಈಗಿನದು ಸಪ್ಪೆ. ವಯಸ್ಸಾಯಿತು ಅನ್ನಿ, ಬೇಜಾರಿಲ್ಲ.

ರಾತ್ರಿಪಾಳಿ

ಒಳ್ಳೆಯ ಕತೆ ಸರ್. ಈಗ ನನ್ನ ಸ್ಥಿತಿ ಹೇಳುತ್ತೇನೆ. ಗೇಮ್‌ನಲ್ಲಿ ಎಚ್‌ಆರ್‌ಟಿಎಫ್ ಆನ್, ಉಳಿದದ್ದೆಲ್ಲ ಆಫ್. ಎಡ ಬಲ ಖಡಕ್ಕಾಗಿದೆ, ಹಿಂದೆ ಮುಂದೆಯೂ ಬಹುಪಾಲು ಸರಿ. ಹಾಡಿನ ಟೊಳ್ಳು ಹೋಯಿತು. ಆದರೆ ಈ ಹೆಡ್‌ಫೋನ್‌ನಲ್ಲಿ ಸ, ಶ ಅಕ್ಷರಗಳು ಕಿವಿಗೆ ಚುಚ್ಚುತ್ತವೆ. ಟ್ರೆಬಲ್ ಇಳಿಸಿದರೆ ಎಲ್ಲವೂ ಮಂಕು. ಅದಕ್ಕೆ ಈಕ್ವಲೈಸರ್ ಹಾಕಬಹುದಾ, ಅದೂ ಕನ್ನಡಕದ ಮೇಲೆ ಕನ್ನಡಕವೇ?

ನಿಶ್ಶಬ್ದ

ಇದು ಬೇರೆ ಕೆಲಸ, ಹಾಕಬಹುದು. ಎಚ್‌ಆರ್‌ಟಿಎಫ್ ದಿಕ್ಕು ತೋರಿಸುತ್ತದೆ, ಇಕ್ಯೂ, ಅಂದರೆ ಈಕ್ವಲೈಸರ್, ಹೆಡ್‌ಫೋನ್‌ನ ಗುಣ ತಿದ್ದುತ್ತದೆ. ಹೆಡ್‌ಫೋನ್ ತಿದ್ದಿಕೊಂಡರೆ ದಿಕ್ಕಿನ ಫಿಲ್ಟರ್ ಕೂಡ ಸಾಮಾನ್ಯವಾಗಿ ಇನ್ನಷ್ಟು ಚೆನ್ನಾಗಿ ಕೇಳಿಸುತ್ತದೆ. ಆದರೆ ಇಕ್ಯೂ ಕೂಡ ಒಂದೇ ಕಡೆ ಇರಲಿ. ಕಾರ್ಡ್ ಸಾಫ್ಟ್‌ವೇರ್‌ನ ಹತ್ತು ಬ್ಯಾಂಡ್ ಇಕ್ಯೂ ಇದಕ್ಕೆ ಒರಟು. ಸ, ಶ ಚುಚ್ಚುವುದು ಹೆಚ್ಚಾಗಿ 5ರಿಂದ 9 ಕಿಲೋಹರ್ಟ್ಸ್ ನಡುವೆ ಎಲ್ಲೋ ಇರುವ ಒಂದು ಕಿರಿದಾದ ಏರಿನಿಂದ. ಟ್ರೆಬಲ್ ಸ್ಲೈಡರ್ ಎಳೆದರೆ ಅಕ್ಕಪಕ್ಕದ್ದೆಲ್ಲ ಇಳಿಯುತ್ತದೆ, ಅದಕ್ಕೇ ಮಂಕಾಗುವುದು.

ಈಕ್ವಲೈಸರ್ ಎಪಿಒ ಅನ್ನುವ ಪ್ರೋಗ್ರಾಂ ಹಾಕಿ. ಉಚಿತ. ಕಣ್ಣಿಗೆ ಹಿತವಾಗಿ ಬೇಕಾದರೆ ಅದರ ಮೇಲೆ ಪೀಸ್ ಅನ್ನುವ ಇಂಟರ್‌ಫೇಸ್ ಇದೆ. ಹಾಕುವಾಗ ಯಾವ ಔಟ್‌ಪುಟ್‌ಗೆ ಅಂತ ಕೇಳುತ್ತದೆ, ನಿಮ್ಮ ಕಾರ್ಡ್‌ಗೆ ಟಿಕ್ ಹಾಕಿ ರೀಸ್ಟಾರ್ಟ್ ಮಾಡಿ. ಆಟೋಇಕ್ಯೂ ಅನ್ನುವ ಉಚಿತ ಯೋಜನೆಯಲ್ಲಿ ಸಾವಿರಾರು ಹೆಡ್‌ಫೋನ್‌ಗಳ ಅಳತೆಯಿಂದ ಮಾಡಿದ ಸೆಟ್ಟಿಂಗ್ ಸಿಗುತ್ತದೆ. ನಿಮ್ಮ ಮಾಡೆಲ್ ಹುಡುಕಿ ಅದನ್ನೇ ತಂದುಕೊಳ್ಳಿ.

ಮುಖ್ಯವಾದದ್ದು ಪ್ರೀಆ್ಯಂಪ್, ಅಂದರೆ ಇಡೀ ಸದ್ದನ್ನು ಒಟ್ಟಿಗೆ ಏರಿಸುವ ಇಳಿಸುವ ಸ್ಲೈಡರ್. ಯಾವುದಾದರೂ ಬ್ಯಾಂಡನ್ನು 6 ಡೆಸಿಬೆಲ್ ಏರಿಸಿದ್ದರೆ ಪ್ರೀಆ್ಯಂಪ್ ಮೈನಸ್ 6 ಇಡಬೇಕು. ಹಾಡಿನ ಫೈಲ್ ಆಗಲೇ ಮೇಲಿನ ಮಿತಿ ಮುಟ್ಟಿರುತ್ತದೆ. ಅದರ ಮೇಲೆ ಏರಿಸಿದರೆ ತುದಿ ಕತ್ತರಿಸಿ ಕರಕರ ಅನ್ನುತ್ತದೆ. ಆಟೋಇಕ್ಯೂ ಕೊಡುವ ಪ್ರೀಆ್ಯಂಪ್ ನಂಬರನ್ನು ಹಾಗೇ ಉಳಿಸಿಕೊಳ್ಳಿ. ಸದ್ದು ಕಡಿಮೆ ಅನಿಸಿದರೆ ವಿಂಡೋಸ್ ವಾಲ್ಯೂಮ್ ಏರಿಸಿ.

ಅಲ್ಲಿ ಸಿಕ್ಕ ನಂಬರ್‌ಗಳೇ ಕೊನೆಯಲ್ಲ. ಮೇಲಿನ ಟ್ರೆಬಲ್‌ನಲ್ಲಿ ಅಳತೆಯ ಯಂತ್ರಕ್ಕೂ ನಿಮ್ಮ ಕಿವಿಗೂ ವ್ಯತ್ಯಾಸ ಇರುತ್ತದೆ. ಕಿರಿದಾದ ಒಂದು ಫಿಲ್ಟರ್ ಹಾಕಿ, 5ರಿಂದ 9ರವರೆಗೆ ನಿಧಾನಕ್ಕೆ ಎಳೆಯುತ್ತ ಹೋಗಿ. ಚುಚ್ಚು ಕಡಿಮೆಯಾದ ಜಾಗದಲ್ಲಿ 3 ಅಥವಾ 4 ಡೆಸಿಬೆಲ್ ಇಳಿಸಿ ನಿಲ್ಲಿಸಿ.

ರಾತ್ರಿಪಾಳಿ

ಹಾಕಿದೆ. ಏನು ಎಳೆದರೂ ಸದ್ದಿನಲ್ಲಿ ಒಂದು ಕೂದಲಿನಷ್ಟೂ ಬದಲಾವಣೆ ಇಲ್ಲ.

ನಿಶ್ಶಬ್ದ

ಮೇಲೆ ಎಲ್ಲ ಆಫ್ ಮಾಡಿ ಅಂದಾಗ ವಿಂಡೋಸ್‌ನ ಆಡಿಯೋ ಎನ್‌ಹಾನ್ಸ್‌ಮೆಂಟ್ಸ್ ಕೂಡ ಆಫ್ ಮಾಡಿದ್ದೀರಿ, ಅಲ್ವಾ? ಈಕ್ವಲೈಸರ್ ಎಪಿಒ ಕೂಡ ವಿಂಡೋಸ್ ಕಣ್ಣಿಗೆ ಒಂದು ಎನ್‌ಹಾನ್ಸ್‌ಮೆಂಟ್. ಆ ಸ್ವಿಚ್ ಆಫ್ ಇದ್ದರೆ ಅದೂ ಮಲಗುತ್ತದೆ. ಅದನ್ನು ಆನ್ ಮಾಡಿ, ಒಳಗಿನ ಬಾಸ್ ಬೂಸ್ಟ್, ವರ್ಚುವಲೈಸೇಷನ್ ಇತ್ಯಾದಿಗಳನ್ನು ಮಾತ್ರ ಆಫ್ ಇಡಿ.

ಮುಂದೆ ಡ್ರೈವರ್ ಅಪ್‌ಡೇಟ್ ಆದ ಮೇಲೆ ಇಕ್ಯೂ ಮಾಯವಾದರೂ ಗಾಬರಿ ಬೇಡ. ಡಿವೈಸ್ ಆರಿಸುವ ಪ್ರೋಗ್ರಾಂ ಮತ್ತೆ ತೆರೆದು ಟಿಕ್ ಹಾಕಿದರೆ ಆಯಿತು.

ರಾತ್ರಿಪಾಳಿ

ಅದೇ! ಈಗ ಬಂತು. ಚುಚ್ಚುತ್ತಿದ್ದದ್ದು 8ರ ಹತ್ತಿರ. ಇಳಿಸಿದ ಮೇಲೆ ದನಿ ಹಿತವಾಗಿದೆ.

ಹೆಜ್ಜೆಸದ್ದು

ಪೀಸ್‌ನಲ್ಲಿ ಪ್ರೊಫೈಲ್ ಉಳಿಸಿ ಕೀಬೋರ್ಡ್ ಶಾರ್ಟ್‌ಕಟ್ ಕೊಡಬಹುದು. ನನ್ನದು ಎರಡು ಪ್ರೊಫೈಲ್. ಹಾಡಿನದು ಹೆಡ್‌ಫೋನ್ ತಿದ್ದುಪಡಿ ಮಾತ್ರ. ಗೇಮ್‌ನದು ಅದೇ ತಿದ್ದುಪಡಿ, ಜೊತೆಗೆ 100 ಹರ್ಟ್ಸ್‌ಗಿಂತ ಕೆಳಗೆ 5 ಡೆಸಿಬೆಲ್ ಇಳಿಕೆ, 2ರಿಂದ 4 ಕಿಲೋಹರ್ಟ್ಸ್ ನಡುವೆ 3 ಏರಿಕೆ. ಜೋರಾದ ಬಾಸ್ ತನಗಿಂತ ಮೇಲಿನ ಫ್ರೀಕ್ವೆನ್ಸಿಯ ಸಣ್ಣ ಸದ್ದನ್ನು ಮುಚ್ಚಿಹಾಕುತ್ತದೆ. ಬಾಸ್ ಇಳಿಸಿದರೆ ಅರ್ಧ ಕೆಲಸ ಆದ ಹಾಗೆ. ಆಮೇಲೆ ಹೆಜ್ಜೆಯ ಸದ್ದು ಗೇಮ್‌ನಿಂದ ಗೇಮ್‌ಗೆ ಬೇರೆ, ನನ್ನ ನಂಬರ್ ಸುಮ್ನೆ ನಕಲು ಮಾಡಬೇಡಿ.

ಕತೆಯ ಗೇಮ್ ಆಡುವಾಗ ಹಾಡಿನ ಪ್ರೊಫೈಲೇ ಚೆಂದ. ಸಿಡಿಲು ಗುಡುಗದ ಗೇಮ್ ಯಾರಿಗೆ ಬೇಕು?

ಸುಮ್ನೆಕೇಳ್ತೀನಿ

ನಡುವೆ ಬಾಯಿ ಹಾಕುತ್ತಿದ್ದೇನೆ. ನನ್ನದು ಬ್ಲೂಟೂತ್ ಹೆಡ್‌ಫೋನ್. ಹಾಡು ಚೆನ್ನಾಗಿರುತ್ತದೆ. ಗೇಮ್‌ನಲ್ಲಿ ಮೈಕ್ ಆನ್ ಮಾಡಿದ ತಕ್ಷಣ ಎಲ್ಲವೂ ಹಳೆಯ ಫೋನ್ ಕರೆ ಆಗಿಬಿಡುತ್ತದೆ. ಯಾವ ಸೆಟ್ಟಿಂಗ್?

ತಂತಿಗಾರ

ಸೆಟ್ಟಿಂಗ್ ಅಲ್ಲ, ಬ್ಲೂಟೂತ್ ಇರುವುದೇ ಹಾಗೆ. ಹಾಡು ಬರುವುದು ಎ2ಡಿಪಿ ದಾರಿಯಲ್ಲಿ, ಅದು ಒಮ್ಮುಖ. ಮೈಕ್ ಬೇಕೆಂದರೆ ಹ್ಯಾಂಡ್ಸ್ ಫ್ರೀ ದಾರಿಗೆ ಬದಲಾಗುತ್ತದೆ. ಅಲ್ಲಿ ಸದ್ದು ಮೋನೋ, ಸ್ಯಾಂಪಲ್ ರೇಟ್ 8 ಅಥವಾ 16 ಕಿಲೋಹರ್ಟ್ಸ್. ಸುಲಭ ದಾರಿ: ಮೈಕ್ ಬೇರೆ ಇಟ್ಟುಕೊಳ್ಳಿ, ಯುಎಸ್‌ಬಿಯದ್ದೋ ವೆಬ್‌ಕ್ಯಾಮ್‌ನದ್ದೋ. ವಿಂಡೋಸ್‌ನಲ್ಲೂ ಚಾಟ್ ಆ್ಯಪ್‌ನಲ್ಲೂ ಇನ್‌ಪುಟ್ ಆಗಿ ಅದನ್ನೇ ಆರಿಸಿ. ಬ್ಲೂಟೂತ್‌ನ ಹೊಸ ವಿಧಾನವಾದ ಎಲ್‌ಇ ಆಡಿಯೋ ಇರುವ ಹೆಡ್‌ಫೋನ್ ಮತ್ತು ಕಂಪ್ಯೂಟರ್ ಎರಡೂ ಇದ್ದರೆ ಈ ತಾಪತ್ರಯ ಕಡಿಮೆ.

ಇನ್ನು ಸದ್ದು ತಡವಾಗಿ ಬರುವುದು. ಮಾಮೂಲಿ ಬ್ಲೂಟೂತ್‌ನಲ್ಲಿ 100ರಿಂದ 200 ಮಿಲಿಸೆಕೆಂಡ್ ತಡ ಸಾಮಾನ್ಯ. ಶೂಟಿಂಗ್ ಗೇಮ್‌ಗೆ ಅದು ಆಗದ ಮಾತು. ತಂತಿ ಹಾಕಿ, ಇಲ್ಲದಿದ್ದರೆ ಯುಎಸ್‌ಬಿ ಡಾಂಗಲ್ ಜೊತೆ ಬರುವ 2.4 ಗಿಗಾಹರ್ಟ್ಸ್ ವೈರ್‌ಲೆಸ್ ಹೆಡ್‌ಸೆಟ್ ನೋಡಿ.

ರಾತ್ರಿಪಾಳಿ

ನನ್ನದೂ ಒಂದು ಮೈಕ್ ಪ್ರಶ್ನೆ. ಗೆಳೆಯರು ಮಾತಾಡಿದಾಗಲೆಲ್ಲ ಗೇಮ್ ಸದ್ದು ತಾನೇ ಇಳಿಯುತ್ತದೆ.

ಕಿವಿಮಾತು

ಹಳೆಯ ಸೌಂಡ್ ವಿಂಡೋದಲ್ಲಿ ಕಮ್ಯುನಿಕೇಷನ್ಸ್ ಅಂತ ಒಂದು ಟ್ಯಾಬ್ ಇದೆ. ಕರೆ ಬಂದಾಗ ಉಳಿದ ಸದ್ದನ್ನು 80 ಶೇಕಡ ಇಳಿಸು ಅಂತ ಇರುತ್ತದೆ. ಏನೂ ಮಾಡಬೇಡ ಅನ್ನುವ ಆಯ್ಕೆಗೆ ಬದಲಿಸಿ. ಡಿಸ್ಕಾರ್ಡ್ ಬಳಸುವವರು ಅದರೊಳಗೆ ಅಟೆನ್ಯುಯೇಷನ್ ಕೂಡ ಸೊನ್ನೆಗೆ ತನ್ನಿ.

ಪೆಂಗ್ವಿನ್

ಲಿನಕ್ಸ್ ಬಳಸುವವರು ಯಾರಾದರೂ ಇದ್ದರೆ ಎರಡು ಮಾತು. ಈಗ ಹೆಚ್ಚಿನ ಕಡೆ ಸದ್ದು ನೋಡಿಕೊಳ್ಳಲು ಪೈಪ್‌ವೈರ್ ಬಂದಿದೆ. ಫೆಡೋರಾ 2021ರಲ್ಲೇ 34ನೇ ಆವೃತ್ತಿಯಿಂದ ಅದಕ್ಕೆ ಬದಲಾಯಿತು. ಅದು ಮಾಮೂಲಾಗಿ ಎಲ್ಲವನ್ನೂ 48 ಕಿಲೋಹರ್ಟ್ಸ್‌ನಲ್ಲಿ ಓಡಿಸುತ್ತದೆ. ಅನುಮತಿ ಇರುವ ರೇಟ್‌ಗಳ ಸಾಲಿಗೆ ಕಾನ್ಫಿಗ್ ಫೈಲ್‌ನಲ್ಲಿ 44,100 ಸೇರಿಸಿದರೆ, ಬೇರೇನೂ ಓಡದಿದ್ದಾಗ ಸಿ.ಡಿ. ಹಾಡಿಗೆ ಕಾರ್ಡ್ ತಾನೇ 44.1ಕ್ಕೆ ಬದಲಾಗುತ್ತದೆ. ವಿಂಡೋಸ್‌ನ ಮಾಮೂಲಿ ಮಿಕ್ಸರ್‌ನಲ್ಲಿ ಈ ಸೌಲಭ್ಯ ಇಲ್ಲ. ಇಕ್ಯೂಗೆ ಈಸಿಎಫೆಕ್ಟ್ಸ್ ಇದೆ, ಆಟೋಇಕ್ಯೂ ಫೈಲ್‌ಗಳನ್ನು ಅದೂ ಓದುತ್ತದೆ.

ಹಳೇಡ್ರೈವರ್

ವಿಂಡೋಸ್‌ನಲ್ಲೂ ದಾರಿ ಇದೆಯಲ್ಲ, ವಸಾಪಿ (ವಿಂಡೋಸ್‌ನ ಆಡಿಯೋ ವ್ಯವಸ್ಥೆ) ಎಕ್ಸ್‌ಕ್ಲೂಸಿವ್. ಫೂಬಾರ್‌ನ ಔಟ್‌ಪುಟ್ ಪಟ್ಟಿಯಲ್ಲೇ ಎಕ್ಸ್‌ಕ್ಲೂಸಿವ್ ಅಂತ ಬರೆದಿರುತ್ತದೆ. ಮಿಕ್ಸರನ್ನೇ ಬಿಟ್ಟು ಹಾಡು ತನ್ನದೇ ರೇಟ್‌ನಲ್ಲಿ ನೇರ ಕಾರ್ಡ್‌ಗೆ ಹೋಗುತ್ತದೆ. ನಾನು ಹಾಡು ಕೇಳುವುದೇ ಹಾಗೆ.

ನಿಶ್ಶಬ್ದ

ರಾತ್ರಿಪಾಳಿಯವರು ಆ ದಾರಿಗೆ ಹೋಗುವ ಮುಂಚೆ ಒಂದು ವಿಷಯ ತಿಳಿದಿರಲಿ. ಮಿಕ್ಸರ್ ಬಿಟ್ಟು ಹೋದರೆ ಈಕ್ವಲೈಸರ್ ಎಪಿಒ ಕೂಡ ಹಿಂದೆ ಉಳಿಯುತ್ತದೆ, ಸ, ಶ ಮತ್ತೆ ಚುಚ್ಚುತ್ತದೆ. ಹಾಡು ಓಡುವಾಗ ಬೇರೆ ಯಾವ ಸದ್ದೂ ಬರುವುದಿಲ್ಲ. ವಿಂಡೋಸ್ ಮಿಕ್ಸರ್ ಒಳಗೆ ಲೆಕ್ಕ ನಡೆಯುವುದು 32 ಬಿಟ್ ಫ್ಲೋಟ್‌ನಲ್ಲಿ, 44.1ನ್ನು 48ಕ್ಕೆ ಬದಲಿಸುವುದರಿಂದ ಆಗುವ ನಷ್ಟ ಕಿವಿಗೆ ಸಿಗುವುದು ಕಷ್ಟ. ತಿದ್ದಿದ ಹೆಡ್‌ಫೋನ್‌ನಿಂದ ಆಗುವ ಲಾಭ ಮೊದಲ ನಿಮಿಷದಲ್ಲೇ ಗೊತ್ತಾಗುತ್ತದೆ. ಎರಡರಲ್ಲಿ ಒಂದು ಆರಿಸು ಅಂದರೆ ನಾನು ಇಕ್ಯೂ ಕಡೆ.

ಹಾಡಿಗೆ ಏನಾದರೂ ಸೇರಿಸಲೇಬೇಕೆಂದರೆ ಕ್ರಾಸ್‌ಫೀಡ್ ನೋಡಿ. 1960ರ ದಶಕದ ಎಷ್ಟೋ ಸ್ಟೀರಿಯೋ ರೆಕಾರ್ಡ್‌ಗಳಲ್ಲಿ ಡ್ರಮ್ ಪೂರ್ತಿ ಒಂದು ಕಿವಿಗೆ, ದನಿ ಪೂರ್ತಿ ಇನ್ನೊಂದಕ್ಕೆ. ಸ್ಪೀಕರ್‌ನಲ್ಲಿ ಸರಿ, ಹೆಡ್‌ಫೋನ್‌ನಲ್ಲಿ ತಲೆನೋವು. ಕ್ರಾಸ್‌ಫೀಡ್ ಒಂದು ಕಡೆಯದನ್ನು ಚೂರು ತಡವಾಗಿ, ಟ್ರೆಬಲ್ ಇಳಿಸಿ, ಇನ್ನೊಂದು ಕಡೆಗೆ ಬೆರೆಸುತ್ತದೆ. ಹೊಸ ಹಾಡುಗಳಿಗೆ ಇದು ಬೇಕಾಗುವುದು ಅಪರೂಪ.

ರಾತ್ರಿಪಾಳಿ

ಸರಿ, ಎಕ್ಸ್‌ಕ್ಲೂಸಿವ್ ಬೇಡ. ಕೊನೆಯ ತೊಂದರೆ ಒಂದಿದೆ. ಆಗೊಮ್ಮೆ ಈಗೊಮ್ಮೆ ಟಪ್ ಟಪ್ ಅಂತ ಸದ್ದು. ಹಾಡಿನಲ್ಲೂ, ಗೇಮ್‌ನಲ್ಲೂ. ಕಾರ್ಡ್ ಕೆಟ್ಟಿದೆಯಾ?

ತಂತಿಗಾರ

ಕಾರ್ಡನ್ನು ದೂರುವ ಮುಂಚೆ ಯಾವ ಡ್ರೈವರ್ ತಡ ಮಾಡುತ್ತಿದೆ ಅಂತ ತೋರಿಸುವ ಲೇಟೆನ್ಸಿಮಾನ್ ಪ್ರೋಗ್ರಾಂ ಓಡಿಸಿ. ಆಡಿಯೋಗೆ ಪ್ರತಿ ಕೆಲವು ಮಿಲಿಸೆಕೆಂಡ್‌ಗೆ ಹೊಸ ಡೇಟಾ ತಲುಪಬೇಕು. ಬೇರೆ ಯಾವುದೋ ಡ್ರೈವರ್ ಪ್ರೊಸೆಸರನ್ನು ಹಿಡಿದು ಕೂತರೆ ಬಫರ್ ಖಾಲಿಯಾಗಿ ಟಪ್ ಅನ್ನುತ್ತದೆ. ಹೆಚ್ಚಾಗಿ ಸಿಕ್ಕಿಬೀಳುವುದು ವೈಫೈ ಅಥವಾ ಗ್ರಾಫಿಕ್ಸ್ ಡ್ರೈವರ್. ಯಾವ ಫೈಲ್ ಅಂತ ಅದರಲ್ಲೇ ಹೆಸರು ತೋರಿಸುತ್ತದೆ.

ಟಪ್ ಅಲ್ಲ, ಮೌಸ್ ಆಡಿಸಿದಾಗ ಅಥವಾ ಗೇಮ್ ಲೋಡ್ ಏರಿದಾಗ ಕುಂಯ್ ಅನ್ನುತ್ತಿದ್ದರೆ ಕತೆ ಬೇರೆ. ಅದು ಕ್ಯಾಬಿನೆಟ್ ಒಳಗಿನ ವಿದ್ಯುತ್ ಗದ್ದಲ. ಕಾರ್ಡನ್ನು ಗ್ರಾಫಿಕ್ಸ್ ಕಾರ್ಡ್‌ನಿಂದ ದೂರದ ಸ್ಲಾಟ್‌ಗೆ ಬದಲಿಸಿ ನೋಡಬೇಕು. ಅದಕ್ಕೂ ಹೋಗದಿದ್ದರೆ ಹೊರಗಿಡುವ ಯುಎಸ್‌ಬಿ ಡಿಎಸಿ ಒಂದು ದಾರಿ, ಆದರೆ ಗದ್ದಲ ಯುಎಸ್‌ಬಿ ತಂತಿಯ ಜೊತೆಯೂ ಬರಬಹುದು.

ರಾತ್ರಿಪಾಳಿ

ಕುಂಯ್ ಇಲ್ಲ, ಟಪ್ ಮಾತ್ರ. ಲೇಟೆನ್ಸಿಮಾನ್ ವೈಫೈ ಡ್ರೈವರ್ ಹೆಸರನ್ನೇ ಕೆಂಪಾಗಿ ತೋರಿಸಿತು. ಹೊಸ ಡ್ರೈವರ್ ಹಾಕಿದ ಮೇಲೆ ಇಲ್ಲಿವರೆಗೆ ಸದ್ದಿಲ್ಲ. ಆದರೆ ಅದೇ ಹೊತ್ತಿಗೆ ಗ್ರಾಫಿಕ್ಸ್ ಡ್ರೈವರ್ ಅಪ್‌ಡೇಟ್ ಕೂಡ ಮಾಡಿದೆ, ಈಗ ಹೆಡ್‌ಫೋನ್‌ನಲ್ಲಿ ಏನೂ ಕೇಳಿಸುತ್ತಿಲ್ಲ!

ಕಿವಿಮಾತು

ಗ್ರಾಫಿಕ್ಸ್ ಡ್ರೈವರ್ ತನ್ನ ಜೊತೆ ಎಚ್‌ಡಿಎಂಐ ಆಡಿಯೋ ಒಂದನ್ನು ತರುತ್ತದೆ. ಡೀಫಾಲ್ಟ್ ಔಟ್‌ಪುಟ್ ಅಲ್ಲಿಗೆ ಜಾರಿರುತ್ತದೆ, ಸದ್ದೆಲ್ಲ ಮಾನಿಟರ್‌ಗೆ ಹೋಗುತ್ತಿದೆ. ಸ್ಪೀಕರ್ ಚಿಹ್ನೆ ಒತ್ತಿ ಕಾರ್ಡನ್ನು ಮತ್ತೆ ಆರಿಸಿ. ಮಾನಿಟರ್‌ನಲ್ಲಿ ಸ್ಪೀಕರ್ ಬಳಸದಿದ್ದರೆ ಆ ಔಟ್‌ಪುಟ್ ಡಿಸೇಬಲ್ ಮಾಡಿಬಿಡಿ. ಹಾಗೇ ಫಾರ್ಮ್ಯಾಟ್ 24 ಬಿಟ್, 48ರಲ್ಲೇ ಇದೆಯಾ, ಸ್ಪೇಷಿಯಲ್ ಸೌಂಡ್ ಆಫ್ ಇದೆಯಾ ನೋಡಿ.

ರಾತ್ರಿಪಾಳಿ

ಬಂತು. ಫಾರ್ಮ್ಯಾಟ್ ಹಾಗೇ ಇದೆ. ಮೂರನೇಬೆಂಚು, ಭಾನುವಾರದ ಪರೀಕ್ಷೆ ಏನಾಯಿತು?

ಮೂರನೇಬೆಂಚು

48 ಇಟ್ಟಿದ್ದೇನೆ. ಹೆಚ್ಚು ಕೇಳಬೇಡಿ.